ಮಾತ್ರೆಯು ಕೆಲಸಮಾಡುತ್ತಿದೆಯೇ? ಹೃದಯಧಮನಿಯ ಚಿಕಿತ್ಸೆಗೆ ಮುಂಚಿನ ಒಂದು ರಕ್ತಪರೀಕ್ಷೆಯ ವಿಚಾರ

ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಒಟ್ಟಿಗೆ ಕುಳಿತು ಓದತಕ್ಕ ಒಂದು ಪಾಠವನ್ನು ಈ ಸ್ಮರಣ ಸಂಚಿಕೆಗಾಗಿ ಬರೆದುಕೊಡಬೇಕೆಂಬ ಕೋರಿಕೆ ನಮಗೆ ಬಂದಿತು. ನಾವು ಶರೀರಶಾಸ್ತ್ರದಿಂದ ಒಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಕಾರಣವೇನೆಂದರೆ, ಗುಂಡ್ಲುಪೇಟೆ ಚಾಮರಾಜನಗರಗಳ ಸುತ್ತಿನ ಊರುಗಳಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಹಂಗಳದಿಂದ ತೆರಕಣಾಂಬಿಯವರೆಗೂ, ಮೈಸೂರಿಗೆ ಹೋಗಿ ಹೃದಯದ ಧಮನಿಗೆ ಸ್ಟೆಂಟ್ ಹಾಕಿಸಿಕೊಂಡು ಬಂದವರು ಇಂದು ಅಪರೂಪವಲ್ಲ. ಅಂಥವರ ಮನೆಯಲ್ಲಿ ಔಷಧದ ಚೀಟಿಯನ್ನು ಓದಿ ಹೇಳತಕ್ಕವಳು ಹೆಚ್ಚಾಗಿ ಮಗಳು ಅಥವಾ ಸೊಸೆ. ಎಂದರೆ ನಮ್ಮ ಶಾಲೆಯಂಥ ಶಾಲೆಗಳಲ್ಲಿ ಅಕ್ಷರ ಕಲಿತವಳು. ಅವಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಬರೆಯುತ್ತಿದ್ದೇವೆ.

ಸ್ಟೆಂಟ್ ಹಾಕುವುದಕ್ಕೆ ಮುಂಚೆ, ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ರೋಗಿಗೆ ಕೊಡುತ್ತಾರೆ. ಆ ಮಾತ್ರೆಯು ಆತನ ಮೈಯಲ್ಲಿ ನಿಜವಾಗಿ ಕೆಲಸಮಾಡುತ್ತಿದೆಯೇ ಎಂಬುದನ್ನು ಒಂದು ರಕ್ತಪರೀಕ್ಷೆಯಿಂದ ತಿಳಿಯಬಹುದು. ಹಾಗಾದರೆ ಆ ಪರೀಕ್ಷೆಯನ್ನು ಎಲ್ಲರಿಗೂ ಮಾಡಿಸಬೇಕೆ? ಮಾಡಿಸದಿದ್ದರೆ ರೋಗಿಗೆ ಅನ್ಯಾಯವಾದಂತೆಯೆ? ಇವೇ ನಮ್ಮ ಪಾಠದ ಪ್ರಶ್ನೆಗಳು. ಉತ್ತರವನ್ನು ಮುಟ್ಟುವುದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋಗೋಣ.

೧. ರಕ್ತವು ಹೆಪ್ಪುಗಟ್ಟುವ ಬಗೆ

ಡೆಂಗಿ ಜ್ವರವು ಬಂದಾಗಲೆಲ್ಲ ಪ್ಲೇಟ್‌ಲೆಟ್ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಇವು ರಕ್ತದಲ್ಲಿ ತೇಲುವ ಅತಿ ಸಣ್ಣ ಬಿಲ್ಲೆಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಏಳರಿಂದ ಹತ್ತು ದಿನ ಬದುಕಿ, ಅಳಿದುಹೋಗುತ್ತವೆ. ಇವುಗಳ ಕೆಲಸವನ್ನು ೧೮೮೨ರಲ್ಲಿ ಇಟಲಿಯ ವಿದ್ವಾಂಸ ಜೂಲಿಯೋ ಬಿಜೊಜೆರೊ ಎಂಬವರು ಸ್ಪಷ್ಟವಾಗಿ ವಿವರಿಸಿದರು. ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಾಗ ಗಾಯದ ಬಾಯಿಗೆ ಮೊದಲು ಓಡಿಬಂದು ಅಂಟಿಕೊಳ್ಳತಕ್ಕವು ಇವೇ. ಬಂದ ಬಿಲ್ಲೆಗಳು ಸುಮ್ಮನಿರದೆ, ಎ.ಡಿ.ಪಿ. ಎಂಬ ದ್ರವ್ಯವನ್ನೂ ಥ್ರಾಂಬಾಕ್ಸೇನ್ ಎಂಬ ಇನ್ನೊಂದು ದ್ರವ್ಯವನ್ನೂ ಹೊರಚೆಲ್ಲಿ ಇತರ ಬಿಲ್ಲೆಗಳನ್ನು ಕೂಗಿ ಕರೆಯುತ್ತವೆ. ಹೀಗೆ ಒಂದರ ಮೇಲೊಂದು ಕೂಡಿ ಗಾಯಕ್ಕೆ ಬೆಣೆ ಹೊಡೆದಂತಾಗುವುದು.

ಬೆರಳಿನಲ್ಲಿ ಇದು ನಮ್ಮ ಪ್ರಾಣರಕ್ಷಣೆಯ ಕಾರ್ಯ. ಆದರೆ ಹೃದಯಕ್ಕೆ ರಕ್ತವನ್ನು ಒಯ್ಯುವ ಧಮನಿಯೊಳಗೆ ಇದೇ ಕಾರ್ಯವು ನಡೆದರೆ ಪ್ರಾಣಕ್ಕೆ ಅಪಾಯ. ವರ್ಷಗಟ್ಟಲೆಯಿಂದ ಧಮನಿಯ ಒಳಗೋಡೆಗೆ ಜಿಡ್ಡು ಮೆತ್ತಿಕೊಂಡು ದಾರಿಯು ಕಿರಿದಾಗಿರುವುದು. ಸಮನೆಲದಲ್ಲಿ ನಡೆಯುವಾಗ ತೋರದ ಎದೆಯ ಹಿಡಿತವು ಗೋಪಾಲಸ್ವಾಮಿಯ ಗುಡಿಯ ಮೆಟ್ಟಿಲುಗಳನ್ನು ಹತ್ತುವಾಗ ತೋರಿ, ನಿಂತರೆ ಬಿಡುವುದು. ಒಂದು ದಿನ ಆ ಜಿಡ್ಡಿನ ಮೇಲ್ಪೊರೆಯು ಒಡೆದರೆ, ಪ್ಲೇಟ್‌ಲೆಟ್ಟುಗಳು ಅದನ್ನೂ ಗಾಯವೆಂದೇ ಎಣಿಸಿ ಬಂದು ಮುತ್ತಿಕೊಳ್ಳುತ್ತವೆ. ದಾರಿಯು ಮುಚ್ಚುವುದು. ಇದೇ ಹೃದಯಾಘಾತ.

೨. ಬಲೂನು, ಸ್ಟೆಂಟ್, ಎರಡು ಮಾತ್ರೆಗಳು

ಕಿರಿದಾದ ಧಮನಿಯೊಳಗೆ ಸಣ್ಣ ಬಲೂನನ್ನು ಹೊಗಿಸಿ ಉಬ್ಬಿಸಿ ದಾರಿಯನ್ನು ಅಗಲಿಸುವ ಕ್ರಮವನ್ನು ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ೧೯೭೭ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮೊದಲು ಮಾಡಿದರು. ಅಗಲಿಸಿದ ದಾರಿಯು ಮತ್ತೆ ಕುಸಿಯದಂತೆ ಒಳಗೆ ಲೋಹದ ಬಲೆಯ ಕೊಳವೆಯನ್ನು ನಿಲ್ಲಿಸುವುದು ೧೯೮೬ರಲ್ಲಿ ಆರಂಭವಾಯಿತು. ಇದೇ ಸ್ಟೆಂಟ್. ಭಾರತದಲ್ಲಿ ೨೦೧೭ರ ಫೆಬ್ರವರಿಯಲ್ಲಿ ಸರ್ಕಾರದ ಔಷಧ ಬೆಲೆ ಪ್ರಾಧಿಕಾರವು ಔಷಧ ಲೇಪಿಸಿದ ಸ್ಟೆಂಟಿಗೆ ೨೯,೬೦೦ ರೂಪಾಯಿಯೆಂದು ಮೇಲ್ಮಿತಿಯನ್ನು ಗೊತ್ತುಮಾಡಿದ ಮೇಲೆ ಇದು ಸಾಮಾನ್ಯ ಕುಟುಂಬಗಳಿಗೂ ಹತ್ತಿರವಾಯಿತು.

ಆದರೆ ಲೋಹವು ರಕ್ತಕ್ಕೆ ಪರಕೀಯ ವಸ್ತು. ಒಳಗಿನ ಚರ್ಮವು ಬೆಳೆದು ಅದನ್ನು ಹೊದಿಸಿಕೊಳ್ಳುವ ತನಕ ಪ್ಲೇಟ್‌ಲೆಟ್ಟುಗಳು ಅದರ ಮೇಲೆ ಮುತ್ತುವ ಭಯವುಂಟು. ಸ್ಟೆಂಟಿನೊಳಗೆ ಒಮ್ಮೆಲೇ ಹೆಪ್ಪುಗಟ್ಟಿದರೆ ಮತ್ತೆ ಹೃದಯಾಘಾತವೇ. ಅನೇಕರು ಅದರಿಂದ ಉಳಿಯುವುದಿಲ್ಲ. ಆದಕಾರಣ ಎರಡು ಬಗೆಯ ಮಾತ್ರೆಗಳನ್ನು ಜೊತೆಯಾಗಿ ಕೊಡುತ್ತಾರೆ.

ಮೊದಲನೆಯದು ಆಸ್ಪಿರಿನ್. ೧೮೯೭ರಲ್ಲಿ ಜರ್ಮನಿಯ ಬೇಯರ್ ಕಾರ್ಖಾನೆಯಲ್ಲಿ ತಯಾರಾದ ಈ ನೋವಿನ ಮದ್ದು ರಕ್ತದ ಮೇಲೆ ಹೇಗೆ ಕೆಲಸಮಾಡುವುದೆಂಬ ಗುಟ್ಟಿನ ಎಳೆಯನ್ನು ೧೯೭೧ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ಕಂಡುಹಿಡಿದರು. ಅದೇ ದಾರಿಯ ಶೋಧಗಳಿಗಾಗಿ ೧೯೮೨ರಲ್ಲಿ ನೊಬೆಲ್ ಬಹುಮಾನದ ಪಾಲನ್ನು ಪಡೆದರು. ಆಸ್ಪಿರಿನ್ ಥ್ರಾಂಬಾಕ್ಸೇನಿನ ಕೂಗನ್ನು ನಿಲ್ಲಿಸುವುದು. ಎರಡನೆಯದು ಕ್ಲೋಪಿಡೋಗ್ರೆಲ್, ೧೯೯೭ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದದ್ದು. ಇದು ಎ.ಡಿ.ಪಿ.ಯು ಬಂದು ತಟ್ಟುವ ಬಾಗಿಲನ್ನೇ ಮುಚ್ಚಿಬಿಡುವುದು. ಇದೇ ಬಾಗಿಲನ್ನು ಇನ್ನೂ ಬಿಗಿಯಾಗಿ ಮುಚ್ಚುವ ಪ್ರಾಸುಗ್ರೆಲ್ ೨೦೦೯ರಲ್ಲಿಯೂ, ಟಿಕಾಗ್ರೆಲಾರ್ ೨೦೧೧ರಲ್ಲಿಯೂ ಅಮೆರಿಕದಲ್ಲಿ ಬಳಕೆಗೆ ಬಂದವು. ಆದರೆ ಬಿಗಿ ಹೆಚ್ಚಾದಷ್ಟೂ ರಕ್ತಸ್ರಾವದ ಭಯವೂ ಹೆಚ್ಚು. ಈ ಮಾತನ್ನು ಓದುವವರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

೩. ಒಂದೇ ಮಾತ್ರೆ, ಬೇರೆ ಬೇರೆ ಫಲ

ಕ್ಲೋಪಿಡೋಗ್ರೆಲ್ ನುಂಗಿದೊಡನೆ ಕೆಲಸಮಾಡತಕ್ಕ ಮದ್ದಲ್ಲ. ಅಕ್ಕಿಯು ಬೆಂದ ಮೇಲೆ ಅನ್ನವಾಗುವಂತೆ, ಇದು ಪಿತ್ತಜನಕಾಂಗದಲ್ಲಿ ಮಾರ್ಪಟ್ಟ ಮೇಲೆಯೇ ಮದ್ದಾಗುವುದು. ಆ ಅಡುಗೆಯನ್ನು ಮಾಡುವ ಮುಖ್ಯ ಕಿಣ್ವಕ್ಕೆ ಸಿ.ವೈ.ಪಿ. ೨ಸಿ೧೯ ಎಂದು ಹೆಸರು. ಈ ಕಿಣ್ವದ ಸೂತ್ರವನ್ನು ನಾವು ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳಾಗಿ ಪಡೆದಿರುತ್ತೇವೆ. ಕೆಲವು ಪ್ರತಿಗಳಲ್ಲಿ ಹುಟ್ಟಿನಿಂದಲೇ ತಪ್ಪಿರುವುದು. ಅಂಥ ಪ್ರತಿಯಿಂದ ಕಿಣ್ವವು ಸರಿಯಾಗಿ ಆಗುವುದಿಲ್ಲ.

ಈ ವಿಷಯವು ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ್ದು. ತಮಿಳುನಾಡು, ಕೇರಳ, ಆಂಧ್ರಪ್ರದೇಶಗಳ ಜನರೊಡನೆ ನಮ್ಮ ಕರ್ನಾಟಕದವರನ್ನೂ ಸೇರಿಸಿಕೊಂಡು ನಡೆಸಿ ೨೦೦೫ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ದಕ್ಷಿಣ ಭಾರತೀಯರಲ್ಲಿ ನೂರು ಪ್ರತಿಗಳಿಗೆ ಸುಮಾರು ಮೂವತ್ತೈದು ಪ್ರತಿಗಳು ಇಂಥ ತಪ್ಪುಳ್ಳವೆಂದು ಕಂಡುಬಂದಿತು. ಗಣಿತದ ಲೆಕ್ಕವನ್ನು ಮಾಡಿನೋಡಿದರೆ, ನೂರು ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಕಡೆಯಪಕ್ಷ ಒಂದು ಪ್ರತಿಯಾದರೂ, ಸುಮಾರು ಹನ್ನೆರಡು ಮಂದಿಗೆ ಎರಡು ಪ್ರತಿಗಳೂ ತಪ್ಪಾಗಿರುವುವು. ಯೂರೋಪಿನ ಜನರಲ್ಲಿ ಎರಡೂ ತಪ್ಪಾಗಿರುವವರು ನೂರಕ್ಕೆ ಎರಡು ಮೂರು ಮಂದಿ ಮಾತ್ರ. ಎರಡೂ ತಪ್ಪಾಗಿರುವವರಲ್ಲಿ ಈ ಮಾತ್ರೆಯ ಫಲವು ಕಡಿಮೆಯಾಗಬಹುದೆಂದು ೨೦೧೦ರಲ್ಲಿ ಅಮೆರಿಕದ ಔಷಧ ನಿಯಂತ್ರಣದವರು ಎಚ್ಚರಿಕೆಯನ್ನು ಕೊಟ್ಟರು. ಒಂದು ಪ್ರತಿ ಮಾತ್ರ ತಪ್ಪಾಗಿದ್ದರೆ ಫಲವು ತಗ್ಗುವುದು, ಇಲ್ಲವೇ ಇಲ್ಲವೆಂದಾಗುವುದಿಲ್ಲ.

ಹುಟ್ಟುಗುಣವೊಂದೇ ಕಾರಣವಲ್ಲ. ಸಕ್ಕರೆರೋಗವುಳ್ಳವರ ಪ್ಲೇಟ್‌ಲೆಟ್ಟುಗಳು ಹೆಚ್ಚು ಚುರುಕು. ಹೊಟ್ಟೆಯುರಿಗೆಂದು ಅಂಗಡಿಯಲ್ಲಿ ಕೇಳಿ ತರುವ ಗ್ಯಾಸ್ ಮಾತ್ರೆಗಳಲ್ಲಿ ಒಮೆಪ್ರಜೋಲ್ ಎಂಬುದು ಆ ಕಿಣ್ವವನ್ನೇ ತಡೆಯುವುದು. ಇವೆಲ್ಲಕ್ಕಿಂತ ಸರಳವಾದ ಕಾರಣವೊಂದುಂಟು: ಮಾತ್ರೆಯನ್ನು ನುಂಗದೆಯೇ ಇರುವುದು.

೪. ಪರೀಕ್ಷೆಯ ಕ್ರಮ

ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರು ಒಂದು ಸಂಗತಿಯನ್ನು ನೋಡಿರುತ್ತಾರೆ. ಸುಮಾರು ೧,೪೫೦ ಮೀಟರ್ ಎತ್ತರದ ಆ ನೆತ್ತಿಯ ಮೇಲೆ ಮಂಜು ಕವಿದಾಗ ಹತ್ತಿರದ ಗೋಪುರವೂ ಕಾಣಿಸುವುದಿಲ್ಲ. ಮಂಜಿನಲ್ಲಿರುವ ನೀರು ಬಹಳವೇನೂ ಅಲ್ಲ. ಆದರೆ ಅದು ಲೆಕ್ಕವಿಲ್ಲದ ಸಣ್ಣ ಹನಿಗಳಾಗಿ ಹರಡಿರುವುದರಿಂದ ಬೆಳಕು ಚದರಿಹೋಗುವುದು. ಅದೇ ನೀರು ಕೂಡಿಕೊಂಡು ಎಲೆಯ ತುದಿಯಲ್ಲಿ ದಪ್ಪ ಹನಿಯಾಗಿ ತೊಟ್ಟಿಕ್ಕಿದರೆ ನೋಟವು ತಿಳಿಯಾಗುವುದು.

೧೯೬೨ರಲ್ಲಿ ಲಂಡನ್ನಿನ ಗುಸ್ತಾವ್ ಬಾರ್ನ್ ಎಂಬ ವಿಜ್ಞಾನಿಯು ಈ ತತ್ತ್ವದಿಂದಲೇ ಪ್ಲೇಟ್‌ಲೆಟ್ ಪರೀಕ್ಷೆಯನ್ನು ರಚಿಸಿದರು. ರೋಗಿಯ ರಕ್ತದಿಂದ ಕೆಂಪುಕಣಗಳನ್ನು ಬೇರ್ಪಡಿಸಿದರೆ ಪ್ಲೇಟ್‌ಲೆಟ್ಟುಗಳುಳ್ಳ ಮಂಜುಮಂಜಾದ ದ್ರವವು ಉಳಿಯುವುದು. ಅದರ ಮೂಲಕ ಬೆಳಕನ್ನು ಹಾಯಿಸುತ್ತ ಎ.ಡಿ.ಪಿ.ಯನ್ನು ಬೆರೆಸುತ್ತಾರೆ. ಬಿಲ್ಲೆಗಳು ಒಂದಕ್ಕೊಂದು ಅಂಟಿ ಗುಂಪಾದರೆ ದ್ರವವು ತಿಳಿಯಾಗಿ ಬೆಳಕು ಹೆಚ್ಚಾಗಿ ದಾಟುವುದು, ಮಾತ್ರೆಯು ಕೆಲಸಮಾಡಿಲ್ಲವೆಂದರ್ಥ. ದ್ರವವು ಮಂಜಾಗಿಯೇ ಉಳಿದರೆ, ಎ.ಡಿ.ಪಿ.ಯ ಬಾಗಿಲು ಮುಚ್ಚಿದೆಯೆಂದರ್ಥ.

ಇಂದು ಇದೇ ತತ್ತ್ವದ ಸಣ್ಣ ಯಂತ್ರಗಳುಂಟು. ವೆರಿಫೈನೌ ಎಂಬುದು ಅವುಗಳಲ್ಲಿ ಒಂದು. ಅದರಲ್ಲಿ ರಕ್ತವನ್ನು ಬೇರ್ಪಡಿಸುವ ಕೆಲಸವೂ ಇಲ್ಲ. ತೋಳಿನಿಂದ ತೆಗೆದ ರಕ್ತದ ಕೊಳವೆಯನ್ನು ಇಟ್ಟರೆ ಕೆಲವೇ ನಿಮಿಷಗಳಲ್ಲಿ ಒಂದು ಸಂಖ್ಯೆಯು ತೋರುವುದು. ಸಂಖ್ಯೆಯು ೨೦೮ನ್ನು ಮೀರಿದರೆ ಮಾತ್ರೆಯ ಫಲವು ಸಾಲದೆಂದೂ, ೮೫ಕ್ಕಿಂತ ತಗ್ಗಿದರೆ ಫಲವು ಅತಿಯಾಗಿ ರಕ್ತಸ್ರಾವದ ಭಯವಿದೆಯೆಂದೂ ತಜ್ಞರು ೨೦೧೩ರಲ್ಲಿ ಒಮ್ಮತಕ್ಕೆ ಬಂದರು. ಕ್ಲೋಪಿಡೋಗ್ರೆಲಿನ ಮೊದಲ ದೊಡ್ಡ ಪ್ರಮಾಣವನ್ನು ಕೊಟ್ಟ ಮೇಲೆ ಅದು ಫಲಕ್ಕೆ ಬರಲು ಕೆಲವು ಗಂಟೆಗಳು ಬೇಕು. ಆದ್ದರಿಂದ ಈ ಪರೀಕ್ಷೆಯು ದಿನ ಗೊತ್ತುಮಾಡಿ ನಡೆಸುವ ಚಿಕಿತ್ಸೆಗೆ ಒಪ್ಪುವುದೇ ಹೊರತು, ಎದೆನೋವಿನಿಂದ ಒದ್ದಾಡುತ್ತ ಬಂದವರ ವಿಷಯದಲ್ಲಿ ಅದಕ್ಕಾಗಿ ಕಾಯುತ್ತ ಕೂರಲಾಗದು.

೫. ಪರೀಕ್ಷೆಯನ್ನೇ ಪರೀಕ್ಷಿಸಿದುದು

ಇಷ್ಟು ಓದಿದವರು, ಹಾಗಾದರೆ ಎಲ್ಲರಿಗೂ ಈ ಪರೀಕ್ಷೆಯನ್ನು ಮಾಡಿ, ಫಲ ಸಾಲದವರಿಗೆ ಮಾತ್ರೆಯನ್ನು ಹೆಚ್ಚಿಸಿದರೆ ಸರಿಹೋಯಿತಲ್ಲ ಎಂದು ಹೇಳಬಹುದು. ವೈದ್ಯರೂ ಹಾಗೆಯೇ ಎಣಿಸಿದ್ದರು. ಆದರೆ ಶಾಸ್ತ್ರದಲ್ಲಿ ಎಣಿಕೆಯು ಸಾಲದು, ಮಾಡಿನೋಡಬೇಕು.

ಗ್ರಾವಿಟಾಸ್ ಎಂಬ ಹೆಸರಿನ ಪ್ರಯೋಗದ ಫಲವು ೨೦೧೧ರಲ್ಲಿ ಪ್ರಕಟವಾಯಿತು. ಸ್ಟೆಂಟ್ ಹಾಕಿದ ಮೇಲೆ ಪರೀಕ್ಷಿಸಿ, ಮಾತ್ರೆಯ ಫಲ ಸಾಲದೆಂದು ಕಂಡ ೨,೨೧೪ ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯಂತೆ ದಿನಕ್ಕೆ ೭೫ ಮಿಲಿಗ್ರಾಂ, ಇನ್ನೊಂದಕ್ಕೆ ೧೫೦ ಮಿಲಿಗ್ರಾಂ ಕ್ಲೋಪಿಡೋಗ್ರೆಲನ್ನು ಕೊಟ್ಟರು. ಆರು ತಿಂಗಳಲ್ಲಿ ಹೃದಯರೋಗದ ಮರಣ, ಹೃದಯಾಘಾತ, ಸ್ಟೆಂಟಿನೊಳಗಿನ ಹೆಪ್ಪು ಇವೆಲ್ಲವೂ ಸೇರಿ ಎರಡು ಗುಂಪುಗಳಲ್ಲಿಯೂ ನೂರಕ್ಕೆ ೨.೩ ಆದುವು. ಇಮ್ಮಡಿ ಮಾತ್ರೆಯಿಂದ ಯಾವ ಲಾಭವೂ ಇಲ್ಲ. ೨೦೧೨ರಲ್ಲಿ ಫ್ರಾನ್ಸ್ ದೇಶದ ಆರ್ಕ್‌ಟಿಕ್ ಎಂಬ ಪ್ರಯೋಗವು ಇನ್ನೂ ಮುಂದೆ ಹೋಗಿ, ೨,೪೪೦ ರೋಗಿಗಳಲ್ಲಿ ಒಂದು ಗುಂಪಿಗೆ ಸ್ಟೆಂಟ್ ಹಾಕುವುದಕ್ಕೆ ಮುಂಚೆಯೇ ಪರೀಕ್ಷಿಸಿ ಔಷಧವನ್ನು ಹೊಂದಿಸಿತು. ಇನ್ನೊಂದು ಗುಂಪಿಗೆ ಪರೀಕ್ಷೆಯೇ ಇಲ್ಲ. ವರ್ಷಾಂತ್ಯದಲ್ಲಿ ಪರೀಕ್ಷೆಗೊಂಡವರ ಗತಿಯು ಉತ್ತಮವಾಗಿರಲಿಲ್ಲ. ೨೦೧೬ರಲ್ಲಿ ೭೫ ವರ್ಷ ಮೀರಿದ ೮೭೭ ವೃದ್ಧರಲ್ಲಿ ನಡೆಸಿದ ಇನ್ನೊಂದು ಪ್ರಯೋಗದಲ್ಲಿಯೂ ಹೀಗೆಯೇ.

ಇದು ಹೇಗೆ? ಶಿಕ್ಷಕಿಯರಾದ ನಮಗೆ ಇದು ಹೊಸದಾಗಿ ತೋರುವುದಿಲ್ಲ. ಪರೀಕ್ಷೆಯಲ್ಲಿ ಮಗುವಿಗೆ ಕಡಿಮೆ ಅಂಕ ಬಂದಿತೆಂದು ಮನೆಗೆಲಸವನ್ನು ಇಮ್ಮಡಿ ಮಾಡಿದರೆ ಅಂಕವು ಏರುವುದೆಂಬ ಭರವಸೆ ಇಲ್ಲ. ಮಗುವಿಗೆ ಕಣ್ಣು ಮಂಜಾಗಿರಬಹುದು, ಬೆಳಗ್ಗೆ ಹೊಟ್ಟೆಗಿಲ್ಲದೆ ಬಂದಿರಬಹುದು. ಅಂಕವು ಕೊರತೆಯ ಗುರುತೇ ಹೊರತು ಕೊರತೆಯ ಕಾರಣವಲ್ಲ. ಎಂಟು ಸಾವಿರದ ಐನೂರಕ್ಕೂ ಹೆಚ್ಚು ರೋಗಿಗಳನ್ನು ಪರಿಶೀಲಿಸಿದ ಅಡಾಪ್ಟ್ ಎಂಬ ೨೦೧೩ರ ವರದಿಯು ಇದನ್ನೇ ಸೂಚಿಸುವುದು: ಪರೀಕ್ಷೆಯ ಸಂಖ್ಯೆಯು ಹೆಚ್ಚಾಗಿದ್ದವರಲ್ಲಿ ಸ್ಟೆಂಟಿನ ಹೆಪ್ಪು ಹೆಚ್ಚು, ರಕ್ತಸ್ರಾವವು ಕಡಿಮೆ. ಅಂಥವರಲ್ಲಿ ವಯಸ್ಸಾದವರೂ ಸಕ್ಕರೆರೋಗದವರೂ ಹೆಚ್ಚು. ಗುರುತನ್ನು ತಿದ್ದಿದ ಮಾತ್ರಕ್ಕೆ ಮೂಲವು ತಿದ್ದಿದಂತಾಗುವುದಿಲ್ಲ. ಮೇಲಾಗಿ ಮಾತ್ರೆಯ ಬಿಗಿಯನ್ನು ಹೆಚ್ಚಿಸಿದಾಗ ಹೆಪ್ಪಿನಿಂದ ಉಳಿದವರು ರಕ್ತಸ್ರಾವಕ್ಕೆ ಸಿಕ್ಕುವುದೂ ಉಂಟು.

೬. ಹಾಗಾದರೆ ಯಾರಿಗೆ ಪ್ರಯೋಜನ?

ಪರೀಕ್ಷೆಯು ವ್ಯರ್ಥವೆಂದು ತಿಳಿಯಬಾರದು. ಅದರ ಫಲದಿಂದ ಚಿಕಿತ್ಸೆಯಲ್ಲಿ ಏನಾದರೂ ಬದಲಾಗುವ ಸ್ಥಳದಲ್ಲಿ ಅದಕ್ಕೆ ಬೆಲೆಯುಂಟು. ಅಂಥ ಸ್ಥಳಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ಮಾತ್ರೆಗಳನ್ನು ತಪ್ಪದೆ ನುಂಗಿಯೂ ಸ್ಟೆಂಟಿನಲ್ಲಿ ಹೆಪ್ಪುಗಟ್ಟಿಸಿಕೊಂಡವರು; ಇವರಿಗೆ ಬೇರೆ ಔಷಧವನ್ನು ಆರಿಸಲು ಪರೀಕ್ಷೆಯು ದಾರಿ ತೋರಬಹುದು. ಎರಡನೆಯದಾಗಿ, ಎದೆಯನ್ನು ತೆರೆದು ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಮಾಡಬೇಕಾದವರು. ಇವರು ಕ್ಲೋಪಿಡೋಗ್ರೆಲನ್ನು ಸಾಮಾನ್ಯವಾಗಿ ಐದು ದಿನ ಮುಂಚಿತವಾಗಿ ನಿಲ್ಲಿಸಬೇಕು. ರಕ್ತವು ಮೊದಲಿನ ಸ್ಥಿತಿಗೆ ಬಂದಿದೆಯೇ ಎಂದು ಪರೀಕ್ಷೆಯಿಂದ ತಿಳಿದರೆ ಕಾಯುವ ದಿನಗಳು ಕಡಿಮೆಯಾಗಬಹುದು. ಮೂರನೆಯದಾಗಿ, ಬಿಗಿಯಾದ ಔಷಧದಿಂದ ಸೌಮ್ಯವಾದದ್ದಕ್ಕೆ ಇಳಿಯಬೇಕಾದವರು. ೨೦೧೭ರ ಟ್ರಾಪಿಕಲ್ ಎಂಬ ಪ್ರಯೋಗದಲ್ಲಿ ೨,೬೧೦ ರೋಗಿಗಳ ಪೈಕಿ ಒಂದು ಗುಂಪನ್ನು ಪ್ರಾಸುಗ್ರೆಲಿನಿಂದ ಕ್ಲೋಪಿಡೋಗ್ರೆಲಿಗೆ ಇಳಿಸಿ, ಪರೀಕ್ಷಿಸಿ, ಫಲ ಸಾಲದವರನ್ನು ಮಾತ್ರ ಮತ್ತೆ ಮೊದಲಿನ ಔಷಧಕ್ಕೆ ಏರಿಸಿದರು. ಇದರಿಂದ ಹಾನಿಯೇನೂ ಹೆಚ್ಚಲಿಲ್ಲ. ೨೦೧೯ರಲ್ಲಿ ಪಾಪ್ಯುಲರ್ ಎಂಬ ಪ್ರಯೋಗದಲ್ಲಿ ೨,೪೮೮ ರೋಗಿಗಳ ಪೈಕಿ ಒಂದು ಗುಂಪಿನವರ ವಂಶವಾಹಿಯನ್ನೇ ಪರೀಕ್ಷಿಸಿ, ಕಿಣ್ವವು ಸರಿಯಾಗಿದ್ದವರಿಗೆ ಕ್ಲೋಪಿಡೋಗ್ರೆಲನ್ನು ಕೊಟ್ಟಾಗ, ರಕ್ತಸ್ರಾವವು ನೂರಕ್ಕೆ ೧೨.೫ರಿಂದ ೯.೮ಕ್ಕೆ ಇಳಿಯಿತು. ಮಾತ್ರೆಯನ್ನು ಏರಿಸುವುದಕ್ಕಿಂತ ಇಳಿಸುವುದಕ್ಕೆ ಪರೀಕ್ಷೆಯು ಹೆಚ್ಚು ಸಹಾಯಕವೆಂಬುದು ಇಷ್ಟು ವರ್ಷಗಳ ಪ್ರಯೋಗದಿಂದ ದೊರೆತ ಪಾಠ.

ಆದಕಾರಣ ಅಮೆರಿಕ ಯೂರೋಪುಗಳ ವೈದ್ಯಸಂಘಗಳು ಈ ಪರೀಕ್ಷೆಯನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡಬೇಕೆಂದು ವಿಧಿಸಿಲ್ಲ. ವೈದ್ಯರು ಈ ಪರೀಕ್ಷೆಯನ್ನು ಬರೆಯಲಿಲ್ಲವೆಂದು ಮನೆಯವರು ಕಳವಳಪಡಬೇಕಾದ್ದಿಲ್ಲ. ಬರೆದರೆ, ವಿನಯದಿಂದ ಒಂದೇ ಪ್ರಶ್ನೆಯನ್ನು ಕೇಳಬೇಕು: ಫಲವು ಹೀಗೆ ಬಂದರೆ ಏನು ಮಾಡುತ್ತೀರಿ, ಹಾಗೆ ಬಂದರೆ ಏನು ಮಾಡುತ್ತೀರಿ? ಎರಡು ಉತ್ತರಗಳೂ ಒಂದೇ ಆಗಿದ್ದರೆ ಪರೀಕ್ಷೆಯ ಅಗತ್ಯವು ಕಡಿಮೆ.

೭. ಮನೆಯಲ್ಲಿ ನಡೆಯತಕ್ಕ ಪರೀಕ್ಷೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಔಷಧ ಲೇಪಿಸಿದ ಸ್ಟೆಂಟ್ ಹಾಕಿಸಿಕೊಂಡ ೨,೨೨೯ ರೋಗಿಗಳನ್ನು ಯೂರೋಪಿನಲ್ಲಿ ಪರಿಶೀಲಿಸಿ ೨೦೦೫ರಲ್ಲಿ ಪ್ರಕಟಿಸಿದ ವರದಿಯು, ಸ್ಟೆಂಟಿನಲ್ಲಿ ಹೆಪ್ಪುಗಟ್ಟಲು ಎಲ್ಲಕ್ಕಿಂತ ಬಲವಾದ ಕಾರಣವು ಮಾತ್ರೆಗಳನ್ನು ಅವಧಿಗೆ ಮುಂಚೆಯೇ ಬಿಟ್ಟದ್ದೆಂದು ತೋರಿಸಿತು. ಇದನ್ನು ಕಂಡುಹಿಡಿಯಲು ಯಂತ್ರವೇನೂ ಬೇಡ. ಗೋಡೆಯ ಕ್ಯಾಲೆಂಡರೂ ಒಂದು ಪೆನ್ಸಿಲೂ ಇದ್ದರೆ ಸಾಕು.

ಬೇಗೂರಿನ ಒಬ್ಬ ರೈತನು ಸ್ಟೆಂಟ್ ಹಾಕಿಸಿಕೊಂಡು ಬಂದನೆಂದಿಟ್ಟುಕೊಳ್ಳೋಣ. ಎರಡು ತಿಂಗಳಲ್ಲಿ ಮೈ ಹಗುರವಾಯಿತು. ಅರಿಸಿನದ ಹೊಲಕ್ಕೆ ಹೋಗತೊಡಗಿದನು. ಎದೆನೋವಿಲ್ಲದ ಮೇಲೆ ಮಾತ್ರೆಯೇಕೆಂದು ನೆರೆಯವನೊಬ್ಬನು ಹೇಳಿದನು. ಮಾತ್ರೆಯ ಪಟ್ಟಿಯು ಮುಗಿದಿತ್ತು. ಮುಂದಿನ ಸಂತೆಗೆ ನೋಡೋಣವೆಂದನು. ಮಜ್ಜೆಯು ದಿನವೂ ಹತ್ತರಲ್ಲಿ ಒಂದು ಪಾಲಿನಷ್ಟು ಹೊಸ ಪ್ಲೇಟ್‌ಲೆಟ್ಟುಗಳನ್ನು ರಕ್ತಕ್ಕೆ ಬಿಡುತ್ತಿರುವುದು. ಅವು ಮಾತ್ರೆಯ ರುಚಿಯನ್ನೇ ಕಾಣದವು. ಒಂದು ವಾರದೊಳಗೆ ಆತನ ರಕ್ತವು ಔಷಧವಿಲ್ಲದವನ ರಕ್ತದಂತಾಗುವುದು. ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು ಅರವತ್ತು ಕಿಲೋಮೀಟರ್. ನಟರಾದ ಪುನೀತ್ ರಾಜಕುಮಾರರು ೨೦೨೧ರಲ್ಲಿ ತೀರಿಕೊಂಡ ಬಳಿಕ ಅವರ ಹೆಸರಿನಲ್ಲಿ ಆರಂಭವಾದ ಹೃದಯಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ನೋಡಿ ಸಲಹೆ ಕೊಡುವ ಏರ್ಪಾಡುಂಟು. ಅದು ದೊಡ್ಡ ಉಪಕಾರವೇ. ಆದರೆ ಆ ಅರವತ್ತು ಕಿಲೋಮೀಟರಿನ ಓಟವು ಎರಡನೆಯ ಸಾರಿ ಬಾರದಂತೆ ನೋಡಿಕೊಳ್ಳುವುದು ಮನೆಯವರ ಕೈಯಲ್ಲಿದೆ.

ಆಸ್ಪತ್ರೆಯಿಂದ ಹೊರಡುವ ದಿನ, ಚೀಟಿಯನ್ನು ಓದಬಲ್ಲ ಮಗಳು ಈ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ಬರೆದುಕೊಂಡು ಬರಲಿ.

ಒಂದು: ಎರಡು ಮಾತ್ರೆಗಳ ಹೆಸರೇನು, ಯಾವ ಹೊತ್ತಿಗೆ ಕೊಡಬೇಕು?
ಎರಡು: ಎರಡನ್ನೂ ಯಾವ ತಾರೀಖಿನವರೆಗೆ ಕೊಡಬೇಕು, ಆಮೇಲೆ ಯಾವುದನ್ನು ಮುಂದುವರಿಸಬೇಕು? ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷವೆನ್ನುತ್ತಾರೆ. ಆದರೆ ನಿಮ್ಮ ರೋಗಿಯ ತಾರೀಖನ್ನು ವೈದ್ಯರೇ ಹೇಳಬೇಕು.
ಮೂರು: ಹೊಟ್ಟೆಯುರಿಯಾದರೆ ಯಾವ ಮಾತ್ರೆಯನ್ನು ಕೊಡಬಹುದು, ಯಾವುದು ಕೂಡದು?
ನಾಲ್ಕು: ಮೈಕೈ ನೋವಿಗೆ ಯಾವ ಮಾತ್ರೆಯು ಕೂಡದು? ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡಬರುವುದೆಂದು ತಿಳಿದಿರಲಿ.
ಐದು: ಹಲ್ಲು ಕೀಳಿಸಬೇಕಾದರೆ ಅಥವಾ ಬೇರೆ ಶಸ್ತ್ರಚಿಕಿತ್ಸೆ ಬಂದರೆ ಯಾರನ್ನು ಕೇಳಿ ಮಾತ್ರೆಯನ್ನು ನಿಲ್ಲಿಸಬೇಕು? ಹೃದಯದ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬಾರದು.
ಆರು: ಮಲವು ಕಪ್ಪಾದರೆ, ಒಸಡಿನಿಂದಾಗಲಿ ಮೂಗಿನಿಂದಾಗಲಿ ರಕ್ತವು ನಿಲ್ಲದಿದ್ದರೆ ಎಲ್ಲಿಗೆ ಹೋಗಬೇಕು?

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾದವರಿದ್ದಾರೆ. ಅವರು ಇದನ್ನೆಲ್ಲ ನಮಗಿಂತ ಚೆನ್ನಾಗಿ ಬಲ್ಲರು. ತಮ್ಮ ಓಣಿಯವರಿಗೆ ಅವರು ಇದನ್ನು ಓದಿ ಹೇಳಲಿ. ದಯಾಳುವಾದ ಸಮಾರ್ಯದವನ ಕಥೆಯನ್ನು ನಾವೆಲ್ಲರೂ ಈ ಶಾಲೆಯ ಪ್ರಾರ್ಥನಾಮಂದಿರದಲ್ಲಿ ಕೇಳಿದ್ದೇವೆ. ಆತನು ಗಾಯಕ್ಕೆ ಎಣ್ಣೆ ಹೊಯ್ದು ಕಟ್ಟಿ ಅಷ್ಟಕ್ಕೇ ಹೊರಟುಹೋಗಲಿಲ್ಲ. ಛತ್ರದವನ ಕೈಯಲ್ಲಿ ಹಣವನ್ನಿಟ್ಟು, ಮುಂದಿನ ದಿನಗಳ ಆರೈಕೆಗೂ ಏರ್ಪಾಡು ಮಾಡಿ ಹೋದನು. ಸ್ಟೆಂಟನ್ನು ಹಾಕಿದ ವೈದ್ಯರು ಗಾಯವನ್ನು ಕಟ್ಟಿದ್ದಾರೆ. ಮುಂದಿನ ದಿನಗಳ ಆರೈಕೆಯು, ರಾತ್ರಿಯ ಊಟವಾದ ಮೇಲೆ ಮಾತ್ರೆಯನ್ನೂ ಒಂದು ಲೋಟ ನೀರನ್ನೂ ತಂದು ಅಪ್ಪನ ಮುಂದಿಟ್ಟು, ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕುವ ಮಗಳದು.

ಮುಖ್ಯೋಪಾಧ್ಯಾಯಿನಿ